ಎಡಕ್ಕೆ ವಾಲಿದ ಏಳು

ಜನವರಿ 9

ತಮ್ಮಾ,

ಮೊನ್ನೆ ನಮ್ಮ ಬಿಡಿಭಾಗದ ವಿಭಾಗಕ್ಕೆ ಒಂದು ಆರ್ಡರ್ ಬಂತು. ಒಂದೂವರೆ ಟನ್ನಿನ ಚೈನ್ ಬ್ಲಾಕಿಗೆ ಎರಡು ಕೊಕ್ಕೆ, ನಾಲ್ಕು ಬ್ರೇಕ್ ವಾಷರ್. ಕೆಳಗೆ ಯಾವುದೋ ರಿಪೇರಿ ಅಂಗಡಿಯ ರಬ್ಬರ್ ಸ್ಟಾಂಪು. ಗುಮಾಸ್ತ ಫೈಲಿಗೆ ಹಾಕುವುದರಲ್ಲಿದ್ದ, ಅವನ ಕೈಯಿಂದ ಕಿತ್ತುಕೊಂಡೆ. ‘ಕೊಕ್ಕೆ’ಯ ಒತ್ತಕ್ಷರವನ್ನು ಬಾಲದ ಹಾಗೆ ಎಳೆಯುವವನು ಪ್ರಪಂಚದಲ್ಲಿ ಒಬ್ಬನೇ. ಹನ್ನೊಂದು ವರ್ಷ ನಿನ್ನನ್ನು ಎಲ್ಲೆಲ್ಲೋ ಹುಡುಕಿಸಿದೆ. ನೀನು ನಮ್ಮ ಗಿರಾಕಿಯಾಗಿ ಸಿಕ್ಕಿದೆ.

ಕಾರ್ಖಾನೆಗೆ ಈ ವರ್ಷ ಅರವತ್ತು. ಅದರ ಇತಿಹಾಸದ ಒಂದು ಪುಸ್ತಕ ಆಗಬೇಕು ಅಂತ ಅಪ್ಪನಿಗೆ ಆಸೆ. ಹೊರಗಿನವರ ಕೈಲಿ ಬರೆಸೋಣ ಅಂದರು. ‘ಬೇಡ, ನಾನೇ ಬರೀತೀನಿ’ ಅಂದುಬಿಟ್ಟೆ. ಅಂದ ಮೇಲೆ ನನಗೇ ದಿಗಿಲಾಯಿತು.

ಅಜ್ಜನ ಕಾಲದ್ದು ಸಲೀಸಾಗಿ ಬಂತು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಬೀಗ ರಿಪೇರಿ. ಆಮೇಲೆ ಸ್ವಂತದ ಆರು ಲಿವರಿನ ಬೀಗ. ಆಮೇಲೆ ತಿಜೋರಿ. ತಿಜೋರಿಯ ಬಾಗಿಲು ಎಷ್ಟು ಭಾರ ಅಂದರೆ ಕೂರಿಸುವಷ್ಟರಲ್ಲಿ ನಾಲ್ಕು ಜನರ ಸೊಂಟ ಹಿಡಿದುಕೊಳ್ಳುತ್ತಿತ್ತಂತೆ. ಅದಕ್ಕೆ ಸರಪಳಿ ಎಳೆದು ಭಾರ ಎತ್ತುವ ಒಂದು ಚೈನ್ ಬ್ಲಾಕ್ ಮಾಡಿ ತೊಲೆಗೆ ತೂಗುಹಾಕಿದರು. ತಿಜೋರಿ ಕೊಳ್ಳಲು ಬಂದವನು ತಿಜೋರಿ ಬಿಟ್ಟು ತಲೆಯೆತ್ತಿ, ‘ಆ ಮೇಲಿರೋದನ್ನ ಕೊಡ್ತೀರಾ?’ ಅಂದನಂತೆ. ಬೀಗದವರು ಭಾರ ಎತ್ತುವವರಾದ ಕಥೆ ಇಷ್ಟೇ.

ಆಮೇಲಿನದು ಬರುತ್ತಿಲ್ಲ. ಒಂದು ಸಾಲು ಬರೆದು ಎದ್ದು ಓಡಾಡುತ್ತೇನೆ. ಲೇತ್‌ಗಳ ನಡುವೆ ಸುತ್ತಿ ಬಂದು ಮತ್ತೆ ಕೂರುತ್ತೇನೆ. ‘ಮೇಡಂಗೆ ಕಾಲಲ್ಲಿ ಚಕ್ರ’ ಅಂತ ಹುಡುಗರು ಆಡಿಕೊಳ್ಳುತ್ತಾರೆ. ಎರಡನೇ ಶೆಡ್ಡು ಕಟ್ಟಿದ್ದು ಯಾವ ವರ್ಷ? ನಿನಗೆ ನೆನಪಿರುತ್ತದೆ. ಉತ್ತರ ಬರೆ. ಬರೆಯದಿದ್ದರೂ ಕೊಕ್ಕೆ ಕಳಿಸುತ್ತೇನೆ.

ನಿನ್ನ
ಅಕ್ಕ

&nbsp;

ಫೆಬ್ರವರಿ 2

ಅಕ್ಕಾ,

ಕೊಕ್ಕೆ ತಲುಪಿದವು. ಎರಡು ಕೇಳಿದರೆ ನಾಲ್ಕು ಬಂದಿವೆ. ಹೀಗೇ ವ್ಯಾಪಾರ ಮಾಡಿದರೆ ಎಪ್ಪತ್ತಕ್ಕೆ ಪುಸ್ತಕ ಬರೆಯುವ ಕಷ್ಟ ಇರುವುದಿಲ್ಲ.

ಎರಡನೇ ಶೆಡ್ಡು ಕಟ್ಟಿದ್ದು ನೀನು ಲೆಕ್ಕದಲ್ಲಿ ಫೇಲಾದ ವರ್ಷ. ಇಟ್ಟಿಗೆ ರಾಶಿಯ ಹಿಂದೆ ಕೂತು ಅಳುತ್ತಿದ್ದೆ.

ಒಂದು ತಪ್ಪು ತಿದ್ದಿಕೋ. ಮೊದಲ ಚೈನ್ ಬ್ಲಾಕ್ ಅಜ್ಜ ಮಾಡಿದ್ದಲ್ಲ, ಹೂಂ ತಾತ ಮಾಡಿದ್ದು. ಯಾರು ಏನು ಕೇಳಿದರೂ ‘ಹೂಂ’ ಅನ್ನುತ್ತಿದ್ದ ಕಮ್ಮಾರ, ಮರೆತೆಯಾ? ಸರಪಳಿಯ ಒಂದೊಂದು ಕೊಂಡಿಯನ್ನೂ ಕುಲುಮೆಯಲ್ಲಿ ಕಾಯಿಸಿ ಕೈಯಲ್ಲೇ ಬಡಿದವನು ಅವನು. ಆಫೀಸಿನ ಗೋಡೆಯ ಮೇಲೆ ಅಜ್ಜ ಬ್ಲಾಕಿನ ಪಕ್ಕ ನಿಂತ ಫೋಟೋ ಇದೆಯಲ್ಲ, ಅದರ ಬಲ ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತದೆ. ಅದು ಹೂಂ ತಾತನದು. ಫೋಟೋದವನು ‘ಸ್ವಲ್ಪ ಆಚೆ ಹೋಗಿ’ ಅಂದನಂತೆ. ‘ಹೂಂ’ ಅಂದು ಹೋದ, ಮೊಣಕೈ ಉಳಿಯಿತು.

ನಾನು ಈ ಊರಲ್ಲಿ ಒಂದು ಮಳಿಗೆ ಹಿಡಿದಿದ್ದೇನೆ. ಬೀಗ ತೆಗೆಯುವುದು, ಚೈನ್ ಬ್ಲಾಕ್ ರಿಪೇರಿ. ತಿಂಗಳಲ್ಲಿ ಹದಿನೈದು ದಿನ ಊರೂರು ತಿರುಗಾಟ. ಚೆನ್ನಾಗಿದ್ದೇನೆ.

ಪುಸ್ತಕದಲ್ಲಿ ನನ್ನ ವಿಷಯ ಬರೆಯಬೇಡ.

ತಮ್ಮ

&nbsp;

ಫೆಬ್ರವರಿ 20

ತಮ್ಮಾ,

ನಿನ್ನ ಪತ್ರದ ಕೊನೆಯಲ್ಲಿ ಏನೋ ಬರೆದು ಎರಡು ಸಲ ಹೊಡೆದುಹಾಕಿದ್ದೀಯ. ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. ಅಪ್ಪ ಚೆನ್ನಾಗಿದ್ದಾರೆ. ಬಲಭುಜ ನೋಯುತ್ತದೆ, ಹೇಳಿಕೊಳ್ಳುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬಂದು ಎಲ್ಲರ ಕೆಲಸದಲ್ಲೂ ಒಂದು ಕೊಂಕು ತೆಗೆದು, ಸಮಾಧಾನವಾಗಿ ಮನೆಗೆ ಹೋಗುತ್ತಾರೆ.

ಮೊಣಕೈ ನೋಡಿದೆ. ಇಷ್ಟು ವರ್ಷ ಅದರ ಕೆಳಗೇ ಕೂತಿದ್ದೆ, ಕಂಡಿರಲಿಲ್ಲ. ಅಪ್ಪನಿಗೆ ತೋರಿಸಿದರೆ, ‘ಮೊಣಕೈಗೂ ಒಂದು ಅಧ್ಯಾಯ ಬರೀತೀಯಾ?’ ಅಂದರು. ‘ಹೂಂ’ ಅಂದೆ.

ಈಗ ಸುತ್ತಿಬಳಸದೆ ಕೇಳಿಬಿಡುತ್ತೇನೆ. ಕಾರ್ಖಾನೆಯ ನಲವತ್ತೊಂಬತ್ತನೇ ವರ್ಷದ ಪುಟ ಖಾಲಿ ಬಿದ್ದಿದೆ. ಕಾಗದದ ಗಿರಣಿಯಲ್ಲಿ ನಮ್ಮ ಬ್ಲಾಕಿನ ಕೊಕ್ಕೆಯ ಬಾಗು ಬಿಚ್ಚಿಕೊಂಡು, ಕಾಗದದ ಸುರುಳಿ ಬಿದ್ದು, ಆ ಹಮಾಲಿಯ ಎಡಗೈ ಹೋದ ವರ್ಷ. ಕೊಕ್ಕೆಯ ಮೇಲೆ ಏಳು ಅಂತ ಗುರುತಿತ್ತು, ಪರೀಕ್ಷೆ ಮಾಡುತ್ತಿದ್ದ ನಿನ್ನ ನಂಬರು. ತನಿಖೆಯವರು ನಿನ್ನನ್ನು ಒಂದು ಗಂಟೆ ಕೂರಿಸಿಕೊಂಡು ಕೇಳಿದರು. ನೀನು ಬಾಯಿ ಬಿಡಲಿಲ್ಲ. ಮಾರನೇ ದಿನ ಬಟ್ಟೆ ತುಂಬಿಕೊಂಡು ಹೊರಟುಹೋದೆ.

ಆ ಪುಟಕ್ಕೆ ಅಪ್ಪ ಒಂದು ಸಾಲು ಬರೆದುಕೊಟ್ಟಿದ್ದಾರೆ: ‘ಪರೀಕ್ಷಾ ವಿಭಾಗದ ನೌಕರನೊಬ್ಬನ ಅಜಾಗರೂಕತೆಯಿಂದ ಒಂದು ಅಹಿತಕರ ಘಟನೆ ನಡೆಯಿತು.’ ನೌಕರನೊಬ್ಬ! ಆ ಚೀಟಿ ನನ್ನ ಮೇಜಿನ ಮೇಲಿದೆ. ಒಮ್ಮೆ ರಿಜಿಸ್ಟರಿನ ಕೆಳಗೆ ಇಡುತ್ತೇನೆ, ಒಮ್ಮೆ ಡ್ರಾಯರಿಗೆ ಹಾಕುತ್ತೇನೆ. ಎಲ್ಲಿಟ್ಟರೂ ಕಣ್ಣಿಗೆ ಬೀಳುತ್ತದೆ.

ನೀನು ಅವತ್ತು ಯಾಕೆ ಏನೂ ಹೇಳಲಿಲ್ಲ?

ಅಕ್ಕ

&nbsp;

ಏಪ್ರಿಲ್ 11

ತಮ್ಮಾ,

ಐವತ್ತು ದಿನ ಆಯಿತು. ಪೋಸ್ಟಿನವನು ಗೇಟಿಗೆ ಬಂದರೆ ಮಾಳಿಗೆಯಿಂದ ಇಳಿದು ಓಡುತ್ತೇನೆ. ‘ನಿಮಗೇನೂ ಇಲ್ಲಮ್ಮ’ ಅಂತ ಅವನು ದೂರದಿಂದಲೇ ಕೈ ಆಡಿಸುವುದನ್ನು ಕಲಿತಿದ್ದಾನೆ.

ಬೈದಾದರೂ ಬರೆ.

ಅಕ್ಕ

&nbsp;

ಮೇ 6

ಅಕ್ಕಾ,

ನೀನು ಕೇಳಿದ್ದಕ್ಕೆ ಉತ್ತರ ನಿನಗೆ ಗೊತ್ತು. ಆದರೂ ಕೇಳಿದ್ದೀಯ ಅಂದರೆ ನಾನೇ ಹೇಳಲಿ ಅಂತ ಇರಬೇಕು. ಹೇಳುತ್ತೇನೆ.

ಹೂಂ ತಾತ ತೀರಿಕೊಂಡ ಮೇಲೆ ಕೊಕ್ಕೆಗಳನ್ನು ಹೊರಗಿನಿಂದ ತರಿಸಲು ಶುರುಮಾಡಿದರು. ಮೊದಲ ಸಲ ಬಂದದ್ದು ನಲವತ್ತು. ಅವಕ್ಕೆ ಹದ ಸರಿಯಾಗಿ ಬಿದ್ದಿಲ್ಲ ಅಂತ ನನಗೆ ಅನುಮಾನ. ತಟ್ಟಿದರೆ ಸದ್ದು ಬೇರೆ ಥರ ಬರುತ್ತಿತ್ತು. ಒಂದೂವರೆ ಟನ್ನಿನ ಬ್ಲಾಕಿಗೆ ಎರಡೂಕಾಲು ಟನ್ ತೂಗುಹಾಕಿ, ತಡೆದರೆ ಮಾತ್ರ ಕೊಕ್ಕೆಗೆ ಗುರುತು ಹೊಡೆಯುವುದು ಅಜ್ಜನ ಕಾಲದ ನಿಯಮ. ಆ ವಾರವೇ ಪರೀಕ್ಷೆಯ ಸ್ಟ್ಯಾಂಡಿನಲ್ಲಿ ತೂಕ ಏರಿಸುವ ಜ್ಯಾಕು ಎಣ್ಣೆ ಸೋರಿ ನಿಂತಿತ್ತು. ಹೊರಗೆ ಲಾರಿ ಕಾಯುತ್ತಿತ್ತು.

ಅಪ್ಪ ಬಂದು, ‘ಗುರುತು ಹೊಡೆದು ಕಳಿಸು, ಇಷ್ಟು ವರ್ಷದಲ್ಲಿ ಒಂದಾದ್ರೂ ಬಿಚ್ಚಿದೆಯಾ?’ ಅಂದರು.

‘ತೂಗದೆ ಹೊಡೆಯಲ್ಲ’ ಅಂದೆ.

‘ಹಾಗಾದ್ರೆ ಮನೆಗೆ ಹೋಗು.’

ಗುರುತು ಹೊಡೆಯುವ ಏಳರ ಪಂಚನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿ ಮನೆಗೆ ಹೋದೆ. ಬೆಳಿಗ್ಗೆ ಬಂದರೆ ಲಾರಿ ಹೋಗಿತ್ತು, ನಲವತ್ತಕ್ಕೂ ಗುರುತು ಬಿದ್ದಿತ್ತು ಅಂತ ಪ್ಯಾಕಿಂಗಿನವರು ಹೇಳಿದರು.

ಆ ಬೀಗ ನಾನು ಮಾಡಿದ್ದು, ಅಕ್ಕಾ. ಅಪ್ಪ ಬೇಕಾದರೆ ತಂತಿ ಹಾಕಿ ತೆಗೆಯುತ್ತಿದ್ದರು, ಆದರೆ ಗೀರು ಬೀಳುತ್ತಿತ್ತು. ಒಂದು ಗೀರೂ ಇರಲಿಲ್ಲ. ಬೀಗದ ಕೈ ಇದ್ದದ್ದು ಎರಡು. ಒಂದು ನನ್ನ ಜೇಬಿನಲ್ಲಿ. ಇನ್ನೊಂದನ್ನು ನಾನೇ ನಿನಗೆ ಕೊಟ್ಟಿದ್ದೆ.

ತನಿಖೆಯವರು ಗಿರಣಿಯ ಕೊಕ್ಕೆಯನ್ನು ಮೇಜಿನ ಮೇಲಿಟ್ಟು ತೋರಿಸಿದಾಗ ಏಳು ಎಡಕ್ಕೆ ವಾಲಿತ್ತು. ನಾನು ಹೊಡೆದರೆ ನೆಟ್ಟಗೆ ಬೀಳುತ್ತದೆ. ನಮ್ಮ ಮನೆಯಲ್ಲಿ ಎಡಗೈಯಲ್ಲಿ ಸುತ್ತಿಗೆ ಹಿಡಿಯುವವಳು ನೀನೊಬ್ಬಳೇ.

ಏನು ಹೇಳಬೇಕಿತ್ತು ನಾನು?

ತಮ್ಮ

&nbsp;

ಮೇ 14

ತಮ್ಮಾ,

ಹೌದು. ನಾನೇ.

ಅಪ್ಪ ನನ್ನ ಹತ್ತಿರ ಬಂದು, ‘ಅವನಿಗೆ ಹಟ. ನೀನಾದ್ರೂ ನನ್ನ ಮಾತು ಕೇಳ್ತೀಯಲ್ಲ’ ಅಂದರು. ನನಗೆ ಹೆಮ್ಮೆಯಾಯಿತು ಕಣೋ. ನಿಜ ಇದೇ. ಆಫೀಸಿನಲ್ಲಿ ಕಾಗದ ನೋಡುತ್ತಿದ್ದವಳಿಗೆ ಮೊದಲ ಸಲ ಸುತ್ತಿಗೆ ಸಿಕ್ಕಿತು. ನಲವತ್ತು ಏಟು. ಕೊನೆಯ ಹತ್ತು ತುಂಬ ಚೆನ್ನಾಗಿ ಬಿದ್ದವು ಅಂತ ಅಂದುಕೊಂಡಿದ್ದೆ.

ನಿನ್ನನ್ನು ಕೂರಿಸಿ ಕೇಳುತ್ತಿದ್ದಾಗ ನಾನು ಬಾಗಿಲ ಆಚೆ ನಿಂತಿದ್ದೆ. ನೀನು ಹೇಳಿಬಿಡುತ್ತೀಯ ಅಂತ ಕಾದೆ. ಹೇಳಲಿಲ್ಲ. ನಾನು ಒಳಗೆ ಬರಲಿಲ್ಲ. ಹನ್ನೊಂದು ವರ್ಷ ಆ ಬಾಗಿಲ ಆಚೆಯೇ ಇದ್ದೇನೆ.

ಅವರ ಮನೆ ಹುಡುಕುತ್ತಿದ್ದೇನೆ, ಆ ಹಮಾಲಿಯವರ ಮನೆ. ಹೋಗಿ ಏನು ಹೇಳುತ್ತೇನೋ ಗೊತ್ತಿಲ್ಲ. ಹೋಗದೆ ಇರಲಾರೆ.

ಅಕ್ಕ

&nbsp;

ಜೂನ್ 3

ತಮ್ಮಾ,

ಹೋಗಿದ್ದೆ. ಅವರು ಈಗ ಅದೇ ಗಿರಣಿಯ ತೂಕದ ಕಟ್ಟೆಯಲ್ಲಿ ಲಾರಿ ನಂಬರು ಬರೆದುಕೊಳ್ಳುತ್ತಾರೆ. ಕಿಟಕಿಯ ಸಣ್ಣ ಕೋಣೆ, ಒಂದು ಕುರ್ಚಿ. ಅಂಗಿಯ ಖಾಲಿ ಎಡತೋಳನ್ನು ಮಡಿಸಿ ಪಿನ್ನು ಹಾಕಿಕೊಂಡಿದ್ದರು. ಕುರ್ಚಿ ನನಗೆ ಬಿಟ್ಟು ತಾವು ಗೋಡೆಗೆ ಒರಗಿ ನಿಂತರು. ನಾನೂ ಕೂರಲಿಲ್ಲ. ಖಾಲಿ ಕುರ್ಚಿಯ ಎರಡು ಕಡೆ ಇಬ್ಬರೂ ನಿಂತು ಮಾತಾಡಿದೆವು.

ಎಲ್ಲ ಹೇಳಿದೆ. ಏಳರ ಪಂಚು, ಸುತ್ತಿಗೆ, ಎಡಗೈ. ಅವರು ನನ್ನ ಎಡಗೈಯನ್ನು ಒಂದು ಸಲ ನೋಡಿದರು. ಮಧ್ಯೆ ಎರಡು ಲಾರಿ ಬಂದವು, ನಂಬರು ಬರೆದುಕೊಂಡರು.

‘ಈಗ ಯಾಕೆ ಬಂದ್ರಿ?’ ಅಂದರು.

‘ಹೇಳ್ಬೇಕು ಅನ್ನಿಸ್ತು.’

‘ಹೇಳಿದ್ರೆ ನಿಮಗೆ ಹಗುರ ಆಗುತ್ತೆ. ನನಗೇನಾಗುತ್ತೆ?’

ಆಮೇಲೆ ಅವರೇ ಕೇಳಿದರು: ‘ಅವತ್ತು ಎಷ್ಟಕ್ಕೆ ಗುರುತು ಹೊಡೆದಿರಿ?’

‘ನಲವತ್ತಕ್ಕೆ.’

‘ಒಂದು ನನ್ನ ಮೇಲೆ ಬಿತ್ತು. ಮಿಕ್ಕಿದ್ದು ಎಲ್ಲಿವೆ?’

ತಮ್ಮಾ, ಹನ್ನೊಂದು ವರ್ಷ ನಾನು ಆ ಒಂದು ಕೊಕ್ಕೆಯ ಯೋಚನೆಯಲ್ಲೇ ಒದ್ದಾಡಿದ್ದೇನೆ. ಮೂವತ್ತೊಂಬತ್ತರ ಯೋಚನೆ ಒಂದು ದಿನವೂ ಬರಲಿಲ್ಲ. ತನಿಖೆಯವರೂ ಕೇಳಲಿಲ್ಲ. ಅವರ ಮಟ್ಟಿಗೆ ಅದು ಒಬ್ಬ ನೌಕರನ ತಪ್ಪು, ಒಂದು ಕೊಕ್ಕೆ.

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಶೆಡ್ಡು, ಗೋದಾಮು, ಕಟ್ಟುತ್ತಿರುವ ಕಟ್ಟಡ ಕಂಡಲ್ಲೆಲ್ಲ ಒಳಗೆ ಏನು ತೂಗುತ್ತಿದೆಯೋ ಅಂತ ಇಣುಕಿ ನೋಡಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, ‘ಏನಮ್ಮಾ, ಇಳಿಯೋ ಜಾಗ ತಪ್ಪಿಹೋಯ್ತಾ?’ ಅಂದಳು.

ಅಕ್ಕ

&nbsp;

ಜೂನ್ 12

ಅಕ್ಕಾ,

ಮೂವತ್ತೊಂಬತ್ತಲ್ಲ. ಮೂವತ್ತು.

ಒಂಬತ್ತು ನನಗೆ ಸಿಕ್ಕಿವೆ. ಊರೂರು ತಿರುಗುತ್ತೇನೆ ಅಂದೆನಲ್ಲ, ಅದು ಬರೀ ಹೊಟ್ಟೆಪಾಡಿಗಲ್ಲ. ಯಾವ ಗ್ಯಾರೇಜಿಗೆ ಹೋದರೂ, ಯಾವ ಬಾವಿಯ ಮೇಲೆ ನಮ್ಮ ಬ್ಲಾಕ್ ಕಂಡರೂ ಮೊದಲು ಕೊಕ್ಕೆಯ ಗುರುತು ನೋಡುತ್ತೇನೆ. ವಾಲಿದ ಏಳು ಕಂಡರೆ, ‘ಇದು ಸವೆದಿದೆ, ಬದಲಾಯಿಸಿಕೊಡ್ತೀನಿ’ ಅಂತ ಸುಳ್ಳು ಹೇಳಿ ಬಿಚ್ಚಿಕೊಳ್ಳುತ್ತೇನೆ. ಜನವರಿಯಲ್ಲಿ ಕೇಳಿದ ಕೊಕ್ಕೆಗಳು ಅದಕ್ಕೇ. ಬಿಚ್ಚಿದವನ್ನು ಗರಗಸದಲ್ಲಿ ಎರಡು ತುಂಡು ಮಾಡಿ ಗುಜರಿಗೆ ಹಾಕುತ್ತೇನೆ.

ನನ್ನನ್ನು ದೊಡ್ಡ ಮನುಷ್ಯ ಅಂದುಕೊಳ್ಳಬೇಡ. ಆ ತೂಕದ ಕಟ್ಟೆಯವರು ಕೇಳಿದ ಪ್ರಶ್ನೆ ನನಗೆ ಮೊದಲ ದಿನವೇ ಗೊತ್ತಿತ್ತು. ನಾನು ಬಾಯಿ ಬಿಟ್ಟಿದ್ದರೆ ಒಂದೇ ವಾರದಲ್ಲಿ ಮೂವತ್ತೊಂಬತ್ತನ್ನೂ ವಾಪಸು ತರಿಸುತ್ತಿದ್ದರು. ನಿನ್ನನ್ನು ಉಳಿಸುತ್ತಿದ್ದೇನೆ ಅಂತ ಹೊರಟುಬಂದೆ. ಆ ಕೊಕ್ಕೆಗಳನ್ನು ಯಾರ್ಯಾರದೋ ತಲೆಯ ಮೇಲೆ ಬಿಟ್ಟು ಬಂದೆ. ಹನ್ನೊಂದು ವರ್ಷಕ್ಕೆ ಒಂಬತ್ತು. ಈ ಲೆಕ್ಕದಲ್ಲಿ ಮುಗಿಸಬೇಕಾದರೆ ನನಗೆ ಇನ್ನೊಂದು ಜನ್ಮ ಬೇಕು.

ನನ್ನ ಹತ್ತಿರ ರವಾನೆಯ ರಿಜಿಸ್ಟರಿಲ್ಲ. ನಿನ್ನ ಹತ್ತಿರ ಇದೆ. ಯಾವ ಬ್ಲಾಕು ಯಾರಿಗೆ ಹೋಯಿತು ಅಂತ ಅದರಲ್ಲಿ ಇದ್ದೇ ಇರುತ್ತದೆ. ಸಿಕ್ಕ ಒಂಬತ್ತರ ಬ್ಲಾಕ್ ನಂಬರುಗಳನ್ನು ಹಿಂದಿನ ಪುಟದಲ್ಲಿ ಬರೆದಿದ್ದೇನೆ.

ಬೇಗ.

ತಮ್ಮ

&nbsp;

ಆಗಸ್ಟ್ 25

ತಮ್ಮಾ,

ಎರಡು ತಿಂಗಳು ಬರೆಯಲು ಪುರುಸೊತ್ತಾಗಲಿಲ್ಲ. ಈಗಲೂ ನಿಂತುಕೊಂಡೇ ಬರೆಯುತ್ತಿದ್ದೇನೆ.

ರಿಜಿಸ್ಟರು ಸಿಕ್ಕಿದ ದಿನವೇ ಅಪ್ಪನ ಮುಂದೆ ಇಟ್ಟೆ. ಮೂವತ್ತು ಕಡೆಗೂ ಕಾಗದ ಹೋಗಬೇಕು, ನಿಜ ಕಾರಣ ಬರೆದೇ ಹೋಗಬೇಕು ಅಂದೆ.

‘ಅರವತ್ತು ವರ್ಷದ ಹೆಸರು ಒಂದು ಕಾಗದದಲ್ಲಿ ಹೋಗುತ್ತೆ’ ಅಂದರು.

‘ಹೋಗ್ಲಿ ಅಪ್ಪ.’

‘ನಿನಗೆ ಹೇಳೋದು ಸುಲಭ.’

‘ಸುಲಭ ಅಲ್ಲ. ಕಾಗದದ ಕೆಳಗೆ ನನ್ನ ಸಹಿ ಇರುತ್ತೆ. ತನಿಖಾ ಇಲಾಖೆಗೂ ಬರೆದುಕೊಟ್ಟಿದ್ದೀನಿ, ಗುರುತು ಹೊಡೆದವಳು ನಾನು ಅಂತ.’

ಅಪ್ಪ ಎದ್ದು ಹೋದರು. ಎಂಟು ದಿನ ನನ್ನ ಜೊತೆ ಮಾತಿಲ್ಲ, ಕಾರ್ಖಾನೆಗೂ ಬರಲಿಲ್ಲ. ಹತ್ತು ಗಂಟೆಗೆ ಕೊಂಕು ತೆಗೆಯುವವರಿಲ್ಲದೆ ಹುಡುಗರಿಗೇ ಕೈ ಓಡುತ್ತಿರಲಿಲ್ಲ.

ಕಾಗದಗಳನ್ನು ಅವತ್ತೇ ಅಂಚೆಗೆ ಹಾಕಿದ್ದೆ, ಅಷ್ಟರಲ್ಲಿ ಬ್ಲಾಕುಗಳು ಬರತೊಡಗಿದವು. ಲಾರಿಯಲ್ಲಿ, ಬಸ್ಸಿನ ಮೇಲೆ, ಒಂದು ಸೈಕಲ್ಲಿನ ಹಿಂದೆ. ಕೆಲವರು ಬೈದು ಕಳಿಸಿದರು. ಇನ್ನು ಮುಂದೆ ನಿಮ್ಮ ಸಹವಾಸ ಬೇಡ ಅಂತ ಮೂವರು ಬರೆದರು. ಒಂಬತ್ತನೇ ದಿನ ಅಪ್ಪ ಬಂದು ನೇರವಾಗಿ ಪರೀಕ್ಷೆಯ ಸ್ಟ್ಯಾಂಡಿನ ಹತ್ತಿರ ಹೋಗಿ, ‘ನಾನೇ ಏರಿಸ್ತೀನಿ’ ಅಂತ ಜ್ಯಾಕಿನ ಹಿಡಿಕೆ ಹಿಡಿದರು. ಮೊದಲ ಹನ್ನೊಂದು ತಡೆದವು. ಪ್ರತಿ ಸಲವೂ ನನ್ನ ಕಡೆ ತಿರುಗಿ, ‘ನೋಡಿದೆಯಾ?’ ಅನ್ನುವರು. ಗೆದ್ದವರ ಹಾಗೆ.

ಹನ್ನೆರಡನೆಯದು ಎರಡು ಟನ್ ಮುಟ್ಟುವ ಮೊದಲೇ ಬಿಚ್ಚಿಕೊಂಡಿತು. ಸದ್ದೇನೂ ಇಲ್ಲ, ತಮ್ಮಾ. ಮಡಿಸಿದ ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಿದ ಹಾಗೆ. ಆಮೇಲೆ ತೂಕ ನೆಲಕ್ಕೆ ಬಿದ್ದು ಶೆಡ್ಡು ನಡುಗಿತು.

ಅದು ಬಂದದ್ದು ನೂಲಿಗೆ ಬಣ್ಣ ಹಾಕುವ ಒಂದು ಕಾರ್ಖಾನೆಯಿಂದ. ಅದರ ಕೆಳಗೆ ಹದಿನಾಲ್ಕು ಹೆಂಗಸರು ಕೂತು ನೂಲು ಬಿಡಿಸುತ್ತಿದ್ದರಂತೆ. ತಂದವನು ಪಕ್ಕದಲ್ಲೇ ನಿಂತಿದ್ದ. ‘ನಮ್ಮನೆಯವಳೂ ಅಲ್ಲೇ ಕೂರೋದು’ ಅಂದ.

ಅಪ್ಪ ಅಲ್ಲಿದ್ದ ಮರದ ಪೆಟ್ಟಿಗೆಯ ಮೇಲೆ ಕೂತರು. ನೀರು ಕೊಟ್ಟೆ, ಕುಡಿಯಲಿಲ್ಲ. ಆಮೇಲೆ, ‘ಇನ್ನೂ ಎಷ್ಟಿವೆ?’ ಅಂದರು. ಆ ದಿನದಿಂದ ‘ನೋಡಿದೆಯಾ’ ಅನ್ನುವುದು ನಿಂತಿತು.

ಇಪ್ಪತ್ತೊಂಬತ್ತು ಬಂದಿವೆ. ಮೂರು ಬಿಚ್ಚಿಕೊಂಡವು. ಮಿಕ್ಕವಕ್ಕೂ ಹೊಸ ಕೊಕ್ಕೆ ಹಾಕಿ ಕಳಿಸಿದ್ದೇವೆ. ಒಂದು ಮಾತ್ರ ಬಂದಿಲ್ಲ, ಇಪ್ಪತ್ತಮೂರನೇ ನಂಬರಿನದು. ಅದನ್ನು ಕೊಂಡ ಕಟ್ಟಡದ ಕಂತ್ರಾಟುದಾರ ವ್ಯವಹಾರ ಮುಚ್ಚಿ ಊರು ಬಿಟ್ಟಿದ್ದಾನೆ. ಕಾಗದ ವಾಪಸು ಬಂತು. ರಿಜಿಸ್ಟರಿನಲ್ಲಿ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂರುತ್ತೇನೆ. ಬೆರಳು ಇಟ್ಟರೆ ಅದು ಬೀಳುವುದಿಲ್ಲವೇನೋ ಅನ್ನುವ ಹಾಗೆ.

ಅಕ್ಕ

&nbsp;

ಸೆಪ್ಟೆಂಬರ್ 18

ಮಗನಿಗೆ,

ನನಗೆ ಪತ್ರ ಬರೆದು ಅಭ್ಯಾಸವಿಲ್ಲ. ಕೊಟೇಷನ್ ಬರೆದು ಅಭ್ಯಾಸ. ತಪ್ಪಿದ್ದರೆ ಬಿಟ್ಟು ಓದು.

ಪುಸ್ತಕಕ್ಕೆ ನಾನು ಕೊಟ್ಟಿದ್ದ ಸಾಲು ಹೊಡೆದುಹಾಕಿದ್ದೇನೆ. ಬದಲಿಗೆ ಹೀಗೆ ಬರೆದಿದ್ದೇನೆ: ‘ತೂಗಿ ನೋಡದೆ ನಲವತ್ತು ಕೊಕ್ಕೆಗಳಿಗೆ ಗುರುತು ಹೊಡೆಸಿದವನು ನಾನು. ಬೇಡ ಅಂದವನು ನನ್ನ ಮಗ. ತಪ್ಪು ಅವನದು ಅಂತ ಹೇಳಿದವನೂ ನಾನೇ.’ ನಿನ್ನ ಅಕ್ಕ ಓದಿ, ಇನ್ನೂ ಎರಡು ಸಾಲು ಬೇಕು ಅಂತ ತನ್ನದನ್ನೂ ಸೇರಿಸಿದಳು. ಇಲಾಖೆಯವರು ಇಬ್ಬರನ್ನೂ ಕರೆಸಿದ್ದಾರೆ. ಹೋಗುತ್ತೇವೆ.

ಗಿರಣಿಯ ತೂಕದ ಕಟ್ಟೆಗೆ ನಾನೂ ಹೋಗಿದ್ದೆ. ಅವರು ನನ್ನನ್ನು ಒಳಗೆ ಕರೆಯಲಿಲ್ಲ. ಕಿಟಕಿಯ ಆಚೆ ನಿಂತು ಹೇಳುವುದನ್ನು ಹೇಳಿ ಬಂದೆ. ಕರೆಯಬೇಕಾಗಿಯೂ ಇರಲಿಲ್ಲ.

ನಿನ್ನನ್ನು ಏನು ಕೇಳಲೂ ನನಗೆ ಮುಖವಿಲ್ಲ. ಆದರೂ ಒಂದು ಕೇಳುತ್ತೇನೆ. ಇಪ್ಪತ್ತಮೂರು ಇನ್ನೂ ಹೊರಗಿದೆ. ನಾನು ಮೂರು ಊರು ಸುತ್ತಿ ಬಂದೆ, ಸಿಗಲಿಲ್ಲ. ನಿನಗಿರುವ ಕಣ್ಣು ಇಲ್ಲಿ ಯಾರಿಗೂ ಇಲ್ಲ. ಆ ಕಂತ್ರಾಟುದಾರನ ಹಳೆಯ ಮೇಸ್ತ್ರಿಯ ವಿಳಾಸ ಇದರ ಜೊತೆ ಇಟ್ಟಿದ್ದೇನೆ.

ಅಪ್ಪ

&nbsp;

ನವೆಂಬರ್ 7

ಅಪ್ಪ ಮತ್ತು ಅಕ್ಕನಿಗೆ,

ಸಿಕ್ಕಿತು.

ಮೇಸ್ತ್ರಿ ಅದನ್ನು ಒಬ್ಬ ಬಾವಿ ತೋಡುವವನಿಗೆ ಕೊಟ್ಟಿದ್ದ. ಬಾವಿಯವನು ಸರಪಳಿ ಬೇರೆ, ಕೊಕ್ಕೆ ಬೇರೆ ಮಾಡಿ ಮಾರಿದ್ದ. ಸರಪಳಿ ಎಲ್ಲೋ ಒಂದು ಗೇಟಿಗೆ ಹೋಗಿದೆ. ಕೊಕ್ಕೆ ಸಿಕ್ಕಿದ್ದು ಒಬ್ಬ ಬಡಗಿಯ ಮನೆಯ ಹಿಂದೆ, ಮರದ ಶೆಡ್ಡಿನ ತೊಲೆಯಲ್ಲಿ. ಅದಕ್ಕೆ ಹಗ್ಗ ಕಟ್ಟಿ ಜೋಕಾಲಿ ಮಾಡಿದ್ದರು. ಬಡಗಿಯ ಮಗಳು, ಆರೇಳು ವರ್ಷದವಳು, ಜೋರಾಗಿ ತೂಗಿಕೊಳ್ಳುತ್ತಿದ್ದಳು. ಅವಳು ಈ ಕಡೆ ಬಂದಾಗಲೆಲ್ಲ ತಲೆಯ ಮೇಲೆ ವಾಲಿದ ಏಳು ಕಾಣುತ್ತಿತ್ತು.

ಒಂದೂವರೆ ಟನ್ನಿನ ಕೊಕ್ಕೆಗೆ ಇಪ್ಪತ್ತು ಕಿಲೋ ಹುಡುಗಿ. ಎಂಥ ಹದಗೆಟ್ಟ ಕಬ್ಬಿಣವಾದರೂ ಅದಕ್ಕೆ ಏನೂ ಆಗುವುದಿಲ್ಲ. ನನಗೆ ಗೊತ್ತು. ಗೊತ್ತಿದ್ದೂ, ‘ಇಳಿ ಮಗು, ಇಳಿ’ ಅಂತ ಕೂಗಿಬಿಟ್ಟೆ. ಬಡಗಿ ಉಳಿ ಹಿಡಿದುಕೊಂಡೇ ಓಡಿಬಂದ.

ಅವನಿಗೆ ಸುಳ್ಳು ಹೇಳಲಿಲ್ಲ. ಮೊದಲಿಂದ ಎಲ್ಲ ಹೇಳಿದೆ. ಏಣಿ ತಂದುಕೊಟ್ಟ. ನಾನು ಬಿಚ್ಚುತ್ತಿದ್ದರೆ ಹುಡುಗಿ ಕೆಳಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

‘ಅದು ಮುರಿದಿದೆಯಾ?’

‘ಇಲ್ಲ.’

‘ಮತ್ತೆ ಯಾಕೆ ಬಿಚ್ತೀರಿ?’

‘ಮುರಿಯುತ್ತೋ ಇಲ್ಲವೋ ಯಾರೂ ನೋಡಿಲ್ಲ. ಅದಕ್ಕೇ.’

‘ನಾನು ದಿನಾ ನೋಡ್ತೀನಲ್ಲ’ ಅಂದಳು. ಕಣ್ಣಲ್ಲಿ ನೀರು.

ಅಂಗಡಿಗೆ ಹೋಗಿ ದಪ್ಪ ಕಬ್ಬಿಣದ ಬಳೆ, ಎರಡು ಬೋಲ್ಟು ತಂದು ಜೋಕಾಲಿ ಮತ್ತೆ ಕಟ್ಟಿದೆ. ಅವಳಿಗೆ ನನ್ನ ಮೇಲೆ ನಂಬಿಕೆ ಬರಲಿಲ್ಲ. ‘ಮೊದಲು ನೀವು ಕೂತ್ಕೊಳ್ಳಿ’ ಅಂದಳು. ಕೂತೆ. ಅಷ್ಟಕ್ಕೇ ಬಿಡಲಿಲ್ಲ, ಹಿಂದಿನಿಂದ ತಳ್ಳಿದಳು. ಕಾಲು ನೆಲ ಬಿಟ್ಟಿತು. ಎದುರಿನ ಗೋಡೆ, ಹಲಗೆಗಳ ರಾಶಿ, ನಗುತ್ತಿದ್ದ ಬಡಗಿ ಎಲ್ಲ ಹತ್ತಿರ ಬಂದು ದೂರ ಹೋದವು. ನಲವತ್ತೆರಡು ವರ್ಷದವನು ನಾನು, ‘ಸಾಕು, ಸಾಕು’ ಅನ್ನಲೂ ಮನಸ್ಸಾಗದೆ ಕೂತಿದ್ದೆ.

ಕೊಕ್ಕೆಯನ್ನು ಪಾರ್ಸೆಲ್ ಮಾಡುವುದಿಲ್ಲ, ನಾನೇ ತರುತ್ತೇನೆ. ಗುರುವಾರ ಹನ್ನೊಂದರ ಬಸ್ಸು. ಅಪ್ಪ, ಜ್ಯಾಕಿನ ಹಿಡಿಕೆ ಮುಟ್ಟಬೇಡಿ, ಭುಜಕ್ಕೆ ಆಗುವುದಿಲ್ಲ, ನಾನು ಏರಿಸುತ್ತೇನೆ. ಅಕ್ಕಾ, ಪುಸ್ತಕ ಅಲ್ಲಿಯವರೆಗೆ ಅಚ್ಚಿಗೆ ಕೊಡಬೇಡ. ಇದು ತಡೆಯಿತೋ ಬಿಚ್ಚಿತೋ, ಯಾವುದಾದರೂ ಸರಿ, ನೋಡಿ ಬರೆಯೋಣ.

ತಮ್ಮ, ಮತ್ತು ಮಗ